ಚಿಕ್ಕಪ್ಪನ ಕಾರು, ಚಿಕ್ಕಮ್ಮನ ಕಾಲು

ನಮ್ಮ ಚಿಕ್ಕಪ್ಪನವರನ್ನು ಎರಡು ಕಂತಿನಲ್ಲಿ ಮಣ್ಣು ಮಾಡಲಾಯಿತು. ಮೊದಲು ಎಡಗಾಲು, ಮಿಕ್ಕದ್ದು ಬಹಳ ವರ್ಷಗಳಾದ ಮೇಲೆ. ಅಯ್ಯೋ ಪಾಪ ಎನ್ನಬೇಡಿ! ಹಾಗಂದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಕ್ಕವರನ್ನು ಕಂಡರೆ ಮಾತ್ರ ಕೂರಿಸಿ, ಎಲೆ-ಅಡಿಕೆ ಕೊಟ್ಟು, ಇನ್ನಷ್ಟು ನಗಿಸಿ ಕಳಿಸುತ್ತಿದ್ದರು.

ಕಾಲು ಹೋದದ್ದು ಒಂದು ಮುಳ್ಳಿನಿಂದ. ಚಿಕ್ಕಪ್ಪ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡಿಕೊಂಡಿದ್ದವರು. ಯುದ್ಧ ಶುರುವಾಗಿ ಪೇಟೆಯಲ್ಲಿ ಎಲ್ಲಕ್ಕೂ ಕೂಪನ್ ಬಂದಿದ್ದ ಕಾಲ ಅದು. ಉಬ್ರಾಣಿಯಲ್ಲಿ ಯಾರದೋ ತೋಟದ ಫಸಲು ನೋಡಲು ಹೋಗಿ ಪಾದಕ್ಕೆ ಮುಳ್ಳು ಚುಚ್ಚಿಸಿಕೊಂಡು ಬಂದರು. ಮೊದಲೇ ಸಕ್ಕರೆ ಕಾಯಿಲೆಯ ಮೈ. 'ಮುಳ್ಳಿಗೆಲ್ಲ ಯಾರಾದ್ರೂ ಡಾಕ್ಟ್ರನ್ನ ಕೇಳ್ತಾರೇನು?' ಎಂದು ಹೊಗೆಸೊಪ್ಪು ಅರೆದು ಕಟ್ಟಿಕೊಂಡರು. ಪಾದ ಕಪ್ಪಾಯಿತು, ಮೀನಖಂಡ ಕಪ್ಪಾಯಿತು. ಶಿವಮೊಗ್ಗದ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಮೊಣಕಾಲಿನ ಮೇಲಕ್ಕೇ ಕತ್ತರಿಸಬೇಕಾಯಿತು.

ಎಚ್ಚರವಾದ ಮೇಲೆ ಅವರು ಆಡಿದ ಮೊದಲ ಮಾತು ಇದು: "ಎಲ್ಲೈತೆ ನನ್ನ ಕಾಲು?"

"ಅದನ್ನ ಕೊಡಾಕೆ ಬರಲ್ಲ ಯಜಮಾನ್ರೇ," ಅಂದರು ಅಲ್ಲಿದ್ದವರು.

"ಯಾಕ್ ಬರಲ್ಲ? ನಮ್ಮವ್ವ ಹೆತ್ತು ಕೊಟ್ಟಿದ್ದು ಅದು. ಆಸ್ಪತ್ರೆ ಸಾಮಾನೇನ್ರೀ?"

ಜಗಳಕ್ಕೆ ಹೆದರಿ ಕೊಟ್ಟರು. ಬಾಳೆಲೆಯಲ್ಲಿ ಸುತ್ತಿ, ಗೋಣಿಚೀಲಕ್ಕೆ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚನ್ನಗಿರಿಗೆ ತಂದವನು ನಾನು. ಆಗ ನಾನು ಹೊನ್ನಾಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಪಕ್ಕದಲ್ಲಿದ್ದವರು ಚೀಲ ನೋಡಿ "ಬಾಳೆಗೊನೆ ಏನ್ರೀ ಮೇಷ್ಟ್ರೇ?" ಎಂದು ಕೇಳಿದಾಗ ಹೂಂ ಅಂದೆ. ಇನ್ನೇನು ಅನ್ನಲಿ?

ಹೊಲದ ಬದುವಿನಲ್ಲಿ ಗುಂಡಿ ತೆಗೆಸಿದೆವು. ಅಲ್ಲಿ ಹುಟ್ಟಿತು ನೋಡಿ ಧರ್ಮಸಂಕಟ! ನಮ್ಮಲ್ಲಿ ಮಣ್ಣು ಮಾಡುವಾಗ ದೇಹವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಒಂಟಿ ಕಾಲನ್ನು ಕೂರಿಸುವುದು ಹೇಗೆ? ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಗುಂಡಿಯ ಸುತ್ತ ತಿರುಗಿದರು, ಗಡ್ಡ ನೀವಿಕೊಂಡರು, ಕೊನೆಗೆ ವಿಭೂತಿ ಇಟ್ಟು ತೀರ್ಪು ಕೊಟ್ಟರು: "ಸದ್ಯಕ್ಕೆ ಮಲಗಸ್ರಿ. ಪೂರ್ತಿ ಮನುಷ್ಯ ಬಂದಾಗ ಕೂಡಸಾಣ."

ಆಸ್ಪತ್ರೆಯಲ್ಲಿ ಇದನ್ನು ಹೇಳಿದಾಗ ಚಿಕ್ಕಪ್ಪ ಹೊಲಿಗೆ ಕಿತ್ತುಹೋಗುವ ಹಾಗೆ ನಕ್ಕರು. ಪಕ್ಕದ ಮಂಚದವನು ಇವರಿಗೆ ತಲೆಯೂ ಹೋಗಿದೆ ಎಂದುಕೊಂಡು ಮಗ್ಗುಲಾದ.

ಆದರೆ ಮನೆಗೆ ಬಂದ ಮೇಲೆ ನಗು ನಿಂತುಹೋಯಿತು. ಎರಡು ಊರುಗೋಲುಗಳನ್ನು ಮೂಲೆಗೆ ಒರಗಿಸಿ, ಗೋಡೆಯ ಕಡೆ ಮುಖ ಮಾಡಿಕೊಂಡು ಕೂತರೆ ಕೂತೇ ಇರುತ್ತಿದ್ದರು. ಊಟಕ್ಕೆ ಕರೆದರೂ ಇಲ್ಲ, ಬೈದರೂ ಇಲ್ಲ. ಚಿಕ್ಕಮ್ಮ ಆ ತಿಂಗಳು ಹಿತ್ತಲ ಬಾವಿಗೆ ಹಲಗೆಯ ಮುಚ್ಚಳ ಮಾಡಿಸಿ ಬೀಗ ಹಾಕಿಸಿದರು. ಯಾಕಮ್ಮಾ ಎಂದದ್ದಕ್ಕೆ "ಬೆಕ್ಕು ಬೀಳ್ತಾವೆ" ಅಂದರು. ಆ ಮನೆಯಲ್ಲಿ ಬೆಕ್ಕು ಇರಲಿಲ್ಲ.

ಅಂಥ ಮನುಷ್ಯನನ್ನು ಗೋಡೆಯಿಂದ ಈ ಕಡೆಗೆ ತಿರುಗಿಸಿದ್ದು ಆ ಕಾರು.

ನ್ಯಾಮತಿಯಲ್ಲಿ ಅವರಿಗೆ ಪರಿಚಯದ ಜವಳಿ ವರ್ತಕರೊಬ್ಬರಿದ್ದರು. ಅವರ ಮಗ ಶೋಕಿಗಾರ. ಬೆಂಗಳೂರಿನಿಂದ ಒಂದು ಪುಟ್ಟ ಕೆಂಪು ಕಾರು ತಂದಿದ್ದ. ಇಬ್ಬರೇ ಕೂರುವಂಥದು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮೂತಿ ಮಾತ್ರ ಉದ್ದ. ಬೆನ್ನಿನಲ್ಲೊಂದು ಮುಚ್ಚಳ, ತೆರೆದರೆ ಸಾಮಾನಿನ ಹಾಗೆ ಮನುಷ್ಯನನ್ನೂ ತುರುಕಬಹುದಾದ ಗೂಡು. ಹುಡುಗ ವಿಷಮಶೀತ ಜ್ವರ ಬಂದು ತೀರಿಕೊಂಡ. ಕಾರು ದನದ ಕೊಟ್ಟಿಗೆಗೆ ಹೋಯಿತು, ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡತೊಡಗಿದವು. ಚಿಕ್ಕಮ್ಮನ ಬಲವಂತಕ್ಕೆ ಒಮ್ಮೆ ವ್ಯಾಪಾರದ ಮಾತಿಗೆಂದು ಗಾಡಿಯಲ್ಲಿ ಅಲ್ಲಿಗೆ ಹೋದ ಚಿಕ್ಕಪ್ಪ ಅದನ್ನು ಕಂಡರು. ವರ್ತಕರು, "ತಗಂಡ್ ಹೋಗ್ರಿ. ನನ್ನ ಕಣ್ಣಿಗೆ ಬೀಳದಂಗೆ ಇಟ್ಕಳ್ರಿ, ಅಷ್ಟು ಸಾಕು" ಅಂದರಂತೆ.

ಮರುದಿನ ನಾನು ಹೊನ್ನಾಳಿಯಲ್ಲಿ ಪಾಠ ಮಾಡುತ್ತಿದ್ದಾಗ ಕ್ಲಾಸಿಗೆ ಕ್ಲಾಸೇ ಕಿಟಕಿಗೆ ಹಾರಿತು. ಬೀದಿಯಲ್ಲಿ ಎತ್ತಿನ ಗಾಡಿ, ಗಾಡಿಯ ಹಿಂದೆ ಹಗ್ಗ, ಹಗ್ಗದ ತುದಿಗೆ ಕೆಂಪು ಕಾರು, ಕಾರಿನೊಳಗೆ ಸ್ಟೇರಿಂಗು ಹಿಡಿದುಕೊಂಡು ಮೈಸೂರು ಮಹಾರಾಜರ ಗತ್ತಿನಲ್ಲಿ ನಮ್ಮ ಚಿಕ್ಕಪ್ಪ!

"ಏನ್ ಚಿಕ್ಕಪ್ಪಾ ಇದು?"

"ಕಾಣಲ್ವಾ ಮೇಷ್ಟ್ರೇ? ಕಾಲು."

ಚನ್ನಗಿರಿಯಲ್ಲಿ ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತರು. "ಎರಡು ಕಾಲಿದ್ದಾಗ ಸೈಕಲ್ ಹೊಡಿಯಾಕೆ ಬರಲಿಲ್ಲ ನಿಮಗೆ. ಈಗ ಒಂದು ಕಾಲಾಗೆ ಕಾರು ಹೊಡಿತೀರಾ?"

"ಸೈಕಲ್ಲು ಬೀಳ್ತೈತೆ ಕಣೇ. ಕಾರು ಹೆಂಗೆ ಬೀಳುತ್ತೆ? ನಾಲ್ಕು ಚಕ್ರ ಐತೆ."

ಆಮೇಲೆ ದನಿ ತಗ್ಗಿಸಿ ಅಸಲು ಮಾತು ಹೇಳಿದರು. ಅವರ ಒಬ್ಬಳೇ ಮಗಳು ಗಿರಿಜೆಯನ್ನು ಜಗಳೂರಿಗೆ ಕೊಟ್ಟಿತ್ತು. ಅವಳಿಗೆ ಆಗ ಐದು ತಿಂಗಳು. ಚೊಚ್ಚಲು ಹೆರಿಗೆಗೆ ತವರಿಗೆ ಕರೆತರಬೇಕು. "ಅಪ್ಪ ಕುಂಟ ಆದ ಅಂತ ಮಗಳು ಯಾರ್ ಯಾರ ಜೊತೆಗೋ ಬಸ್ಸಿನಾಗೆ ಬರಬೇಕೇನು? ನಾನೇ ಹೋಗಿ ಕರ್ಕಂಡು ಬರ್ತೀನಿ. ಈ ಕಾರಿನಾಗೇ!"

ಚಿಕ್ಕಮ್ಮ ಬಾಗಿಲು ಬಿಟ್ಟರು. ಗೋಡೆ ನೋಡಿಕೊಂಡು ಕೂತಿದ್ದ ಗಂಡ ಮಾತಾಡುತ್ತಿದ್ದನಲ್ಲ, ಅಷ್ಟು ಸಾಕಾಗಿತ್ತು ಆಕೆಗೆ.

ಇಲ್ಲಿಂದ ಶುರುವಾಯಿತು ಕಾರಿನ ರಿಪೇರಿ. ರಿಪೇರಿ ಅಂದರೆ ಅವರಿಗೆ ಕೋಪ ಬರುತ್ತಿತ್ತು. "ಕೆಟ್ಟದ್ದನ್ನ ಸರಿ ಮಾಡೋದು ರಿಪೇರಿ. ನಾನು ಮಾಡ್ತಿರೋದು ತಿದ್ದುಪಡಿ!" ಪಕ್ಕದ ಬೀದಿಯ ಕಮ್ಮಾರ ವೀರಾಚಾರಿ ಅವರಿಗೆ ಜೊತೆಯಾದ. ಆತ ಜನ್ಮದಲ್ಲಿ ಗಾಡಿಯ ಚಕ್ರಕ್ಕೆ ಪಟ್ಟಿ ಹೊಡೆದವನೇ ಹೊರತು ಮೋಟಾರು ಮುಟ್ಟಿದವನಲ್ಲ. ಆದರೆ ಧೈರ್ಯಕ್ಕೇನು ಕಡಿಮೆ? ಬಾನೆಟ್ ಎತ್ತಿ ನೋಡಿ, "ಇದ್ರಾಗೆ ಬ್ಯಾಡದ್ದೇ ಜಾಸ್ತಿ ಐತೆ ಗೌಡ್ರೇ" ಅಂದ. ಇಬ್ಬರೂ ಸೇರಿ ಭಾರ ಇಳಿಸಲು ಕೂತರು. ಮೇಲಿನ ಕ್ಯಾನ್ವಾಸು ಹೋಯಿತು, ಮಡ್‌ಗಾರ್ಡು ಹೋಯಿತು, ಒಂದು ದಿನ ನಾನು ಹೋದಾಗ ಬಾಗಿಲುಗಳೂ ಇರಲಿಲ್ಲ.

"ಬಾಗಿಲು ಯಾಕ್ ತೆಗೆದ್ರಿ?"

"ನಂಗೆ ಕಾಲೇ ಇಲ್ಲ, ಅದಕ್ಕೆ ಬಾಗಿಲು ಯಾಕೋ?"

ತೆಗೆಯುವುದು ಸುಲಭ. ಸೇರಿಸುವುದಲ್ಲವೇ ಕಷ್ಟ? ಗೇರು ಬದಲಿಸುವಾಗಲೆಲ್ಲ ಎಡಗಾಲಿನಿಂದ ಕ್ಲಚ್ಚನ್ನು ಒತ್ತಬೇಕು, ಆಮೇಲೆ ಮೆಲ್ಲಗೆ ಬಿಡಬೇಕು. ಚಿಕ್ಕಪ್ಪನ ಎಡಗಾಲು ಹೊಲದ ಬದುವಿನಲ್ಲಿ ಮಲಗಿತ್ತು. ವೀರಾಚಾರಿ ಜಾಲಿಯ ಕೊರಡಿನಿಂದ ಒಂದು ಮರದ ಕಾಲು ಮಾಡಿಕೊಟ್ಟ. ತುದಿಗೆ ಚಿಕ್ಕಪ್ಪನ ಹಳೆಯ ಎಡಗಾಲಿನ ಮೆಟ್ಟನ್ನೇ ಮೊಳೆ ಹೊಡೆದು ಕೂರಿಸಿದ. ಬಸ್ಸಿನ ಡ್ರೈವರೊಬ್ಬನನ್ನು ಕರೆಸಿ ವಿದ್ಯೆ ಕಲಿತೂ ಆಯಿತು. ಮರದ ಕಾಲು ಕ್ಲಚ್ಚನ್ನು ಚೆನ್ನಾಗಿ ಒತ್ತುತ್ತಿತ್ತು. ಬಿಡುವುದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ! ಪೆಡಲಿನ ಸಂದಿಗೆ ಮೆಟ್ಟು ಸಿಕ್ಕಿಕೊಂಡು, ಆಮೇಲೆ ಒಮ್ಮೆಗೇ ಕಳಚಿ, ಕಾರು ಹೋರಿಯಂತೆ ನೆಗೆದು ಎದುರುಮನೆಯ ತಿಪ್ಪೆಯೊಳಕ್ಕೆ ಮೂತಿ ತೂರಿಸಿತು. ಎದುರುಮನೆಯಾಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಚಿಕ್ಕಪ್ಪ, "ಗೊಬ್ಬರ ಹೊಲಕ್ಕೆ ಹೊಡಿಯಾಕೆ ಬಂದಿದ್ದೆ ಕಣವ್ವ" ಅಂದರು.

ಆರನೇ ತಿಂಗಳು ಕಳೆಯಿತು. ಚಿಕ್ಕಮ್ಮ ಹೇಳಿ ನೋಡಿದರು: "ಮೇಷ್ಟ್ರನ್ನ ಕಳಸ್ರಿ. ಬಸ್ಸಿನಾಗೇ ಬರಲಿ ಕೂಸು." "ಇನ್ನೊಂದು ವಾರ ತಡಿ," ಅಂದರು ಚಿಕ್ಕಪ್ಪ.

ಮುಂದಿನದು ಹಗ್ಗದ ಪ್ರಯೋಗ. ಬಾವಿಯ ರಾಟೆಯನ್ನು ಬಿಚ್ಚಿ ತಂದು ಕಾರಿನ ನೆಲಕ್ಕೆ ಬಿಗಿದರು. ಬಾವಿಗೇ ಬೀಗ ಬಿದ್ದ ಮೇಲೆ ರಾಟೆಗೆ ಕೆಲಸವೇನು? ಕ್ಲಚ್ಚಿಗೆ ಹಗ್ಗ ಕಟ್ಟಿ, ರಾಟೆಯ ಮೂಲಕ ಮೇಲಕ್ಕೆ ತಂದರು. ಆದರೆ ಎಳೆಯುವವರು ಯಾರು? ಬಲಗೈ ಸ್ಟೇರಿಂಗಿಗೆ, ಎಡಗೈ ಗೇರಿಗೆ. ಉಳಿದದ್ದು ಬಾಯಿ. ಹೌದು, ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವುದೆಂದು ತೀರ್ಮಾನವಾಯಿತು! ಪರೀಕ್ಷೆಗೆ ಸೂಳೆಕೆರೆಯ ಏರಿಯ ಮೇಲೆ ಹೋದೆವು. ಎತ್ತು ಎಳೆದು ತಂದ ಕಾರಿಗೆ ನಾನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದೆ. ಒಂದು ಕಡೆ ಕಣ್ಣಳತೆ ಮೀರಿದ ನೀರು, ಇನ್ನೊಂದು ಕಡೆ ಗದ್ದೆಯ ಆಳ. ಚಿಕ್ಕಪ್ಪ ಹಗ್ಗ ಕಚ್ಚಿ ಕತ್ತು ಹಿಂದಕ್ಕೆ ಎಸೆದರು. ಕ್ಲಚ್ಚು ಬರಲಿಲ್ಲ, ಹಲ್ಲು ಬಂತು. ಕಾರು ಓರೆಯಾಗಿ ನೀರಿನ ಕಡೆಗೆ ಜಾರಿ, ದೊಡ್ಡ ಕಲ್ಲೊಂದಕ್ಕೆ ತಾಗಿ ನಿಂತಿತು. ಮೀನು ಹಿಡಿಯುತ್ತಿದ್ದವರು ಬಲೆ ಬಿಟ್ಟು ಓಡಿಬಂದರು. ಚಿಕ್ಕಪ್ಪ ಬಾಯಿ ತುಂಬ ರಕ್ತ ಮಾಡಿಕೊಂಡು, ಅಂಗೈಯಲ್ಲಿ ಹಲ್ಲು ಹಿಡಿದು, ಬಹಳ ಹೊತ್ತು ನೀರನ್ನೇ ನೋಡುತ್ತ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಹಿಂಗೇ ಹೋದ್ರೆ ಮಣ್ಣು ಮಾಡಾಕೆ ಏನೂ ಉಳಿಯಲ್ಲ ಕಣೋ" ಅಂದರು. ಆ ಸಲ ನನಗೆ ನಗು ಬರಲಿಲ್ಲ.

ಎಂಟನೇ ತಿಂಗಳು ಬಂತು. ಜಗಳೂರಿನಿಂದ ಬೀಗರು ಹೇಳಿ ಕಳಿಸಿದರು: ದಿನ ತುಂಬುತ್ತಿರುವ ಹುಡುಗಿಯನ್ನು ಇನ್ನು ಕಳಿಸಲಾಗುವುದಿಲ್ಲ, ಹೆರಿಗೆ ಇಲ್ಲೇ ಆಗಲಿ. ಚಿಕ್ಕಮ್ಮ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು, ಹೊಗೆ ಅಂದರು. ತಾವಾದರೂ ಹೋಗಬಹುದಿತ್ತು, ಆದರೆ ಗಂಡನೊಬ್ಬನನ್ನೇ ಮನೆಯಲ್ಲಿ ಬಿಟ್ಟುಹೋಗುವ ಧೈರ್ಯ ಆಕೆಗೆ ಆಗಲೂ ಬಂದಿರಲಿಲ್ಲ.

ಚಿಕ್ಕಪ್ಪ ಮಾತ್ರ ಪಟ್ಟು ಬಿಡಲಿಲ್ಲ. "ಹೆರಿಗೆ ಅಲ್ಲಾದ್ರೆ ಬಾಣಂತನ ಇಲ್ಲಿ. ತಾಯಿ ಮಗು ಇಬ್ರನ್ನೂ ಕಾರಿನಾಗೇ ತರ್ತೀನಿ." ವೀರಾಚಾರಿ ಈ ಸಲ ಕ್ಲಚ್ಚಿಗೆ ಒಂದು ಕಬ್ಬಿಣದ ಸರಳು ಬೆಸೆದು, ಅದನ್ನು ಎಡಗಡೆಯ ಸೀಟಿನ ಮುಂದಕ್ಕೆ ಚಾಚಿ, ತುದಿಗೆ ಅಗಲವಾದ ತಗಡು ಕೂರಿಸಿದ. ಪಕ್ಕದಲ್ಲಿ ಕೂತವರು ಕಾಲಿನಿಂದ ಅದನ್ನು ಒತ್ತಬೇಕು. ಅಂತೂ ಕೆಲಸಕ್ಕೆ ಬರುವ ತಿದ್ದುಪಡಿಯೊಂದು ಹುಟ್ಟಿತ್ತು! ಒತ್ತಲು ಮೊದಲು ಸಿಕ್ಕವನು ನಾನು. "ಒತ್ತು!" ಎಂದಾಗ ಬಿಟ್ಟೆ, "ಬಿಡು!" ಎಂದಾಗ ಒತ್ತಿದೆ. ಗೇರು ಕರಕರನೆ ಅರಚಿತು.

"ಹುಡುಗ್ರಿಗೆ ಇಡೀ ಮಗ್ಗಿ ಬಾಯಿಪಾಠ ಮಾಡಿಸ್ತೀಯ. ನಿಂಗೆ ಎರಡು ಮಾತು ನೆನಪಿಡಾಕೆ ಆಗಲ್ವಾ?"

ಚಿಕ್ಕಮ್ಮನನ್ನು ಕರೆದರು. "ಕಾಲಿನಾಗೆ ತುಳಿಯಾಕೆ ನಾನೇನು ದರ್ಜಿಯೇನ್ರೀ?" ಎಂದು ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ದಸರೆ ರಜೆಯಲ್ಲಿ ನಾನು ಚನ್ನಗಿರಿಯಲ್ಲೇ ಇದ್ದೆ. ಒಂದು ಬೆಳಿಗ್ಗೆ ಜಗಳೂರಿನ ಕಡೆಯಿಂದ ಶಿವಮೊಗ್ಗಕ್ಕೆ ಹೊರಟಿದ್ದ ಲಾರಿಯ ಡ್ರೈವರು ಮನೆ ಹುಡುಕಿಕೊಂಡು ಬಂದ. ಒಳಗೆ ಕರೆದರೂ ಬರಲಿಲ್ಲ. ಅಂಗಳದಲ್ಲೇ ನಿಂತು, "ಹೆಣ್ಣು ಮಗು ಆಗೈತಂತೆ. ಮಗು ಚೆನ್ನಾಗೈತೆ," ಅಂದ. ಆಮೇಲೆ ನೆಲ ನೋಡಿಕೊಂಡು, "ತಾಯಿಗೆ ಬಾಣಂತಿ ಸನ್ನಿ ಆಗೈತೆ. ಬೇಗ ಬರಬೇಕಂತ್ರಿ" ಅಂದ.

ದಾವಣಗೆರೆಯ ಬಸ್ಸು ಇದ್ದಿಲು ಗ್ಯಾಸಿನಿಂದ ಓಡುವಂಥದು; ಅದು ಕೆಟ್ಟು ಸಂತೆಬೆನ್ನೂರಿನಲ್ಲಿ ನಿಂತಿತ್ತು. ಎತ್ತಿನ ಗಾಡಿಯಲ್ಲಿ ಹೋದರೆ ಯಾವಾಗ ಮುಟ್ಟುವುದು? ನಾನು ಏನಾದರೂ ಹೇಳುವುದರೊಳಗೆ ಚಿಕ್ಕಮ್ಮ ಒಂದು ಬಟ್ಟೆಯ ಗಂಟು ಹಿಡಿದು ಹೊರಗೆ ಬಂದರು. ನೇರವಾಗಿ ಕಾರಿನ ಎಡಗಡೆಯ ಸೀಟಿನಲ್ಲಿ ಕೂತು, ಸೀರೆಯ ನಿರಿಗೆ ಎತ್ತಿ ಕಟ್ಟಿ, ತಗಡಿನ ಮೇಲೆ ಕಾಲಿಟ್ಟರು.

"ಹೊರಡ್ರಿ."

ಚಿಕ್ಕಪ್ಪ ಕೂಪನ್ನಿನಲ್ಲಿ ಕೊಂಡು ಕೂಡಿಟ್ಟಿದ್ದ ಪೆಟ್ರೋಲಿನ ಡಬ್ಬಿಗಳನ್ನು ನಾನು ಹಿಂದಿನ ಗೂಡಿಗೆ ಹಾಕಿ, ಅವುಗಳ ನಡುವೆ ನಾನೂ ತೂರಿಕೊಂಡೆ. ಕೆಟ್ಟರೆ ತಳ್ಳಲು ಒಬ್ಬ ಬೇಕಲ್ಲ!

"ಒತ್ತು! ಬಿಡು! ಒತ್ತು! ಬಿಡೇ, ಬಿಡು!" ಬಾಗಿಲಿಲ್ಲದ, ತಲೆಯ ಮೇಲೆ ಏನೂ ಇಲ್ಲದ ಆ ಕೆಂಪು ಕಾರು ಸಂತೆಬೆನ್ನೂರಿನ ದಾರಿಯಲ್ಲಿ ಕುಪ್ಪಳಿಸಿತು. ದನ ಕಾಯುವವರು ಕೋಲು ಊರಿಕೊಂಡು ನಿಂತು ನಕ್ಕರು. ಗಂಡನೊಬ್ಬ ರಸ್ತೆಯುದ್ದಕ್ಕೂ ಹೆಂಡತಿಯ ಮೇಲೆ ಕೂಗಾಡುತ್ತ ಹೋಗುತ್ತಿದ್ದಾನೆ ಎಂದುಕೊಂಡಿರಬೇಕು. ಮನೆಯಲ್ಲಿ ಉಪ್ಪು ಹೆಚ್ಚಾಯಿತು ಎಂದರೆ ಹತ್ತು ಮಾತು ತಿರುಗಿಸಿ ಆಡುತ್ತಿದ್ದ ಚಿಕ್ಕಮ್ಮ ಅವತ್ತು ಒಂದಕ್ಕೂ ಉತ್ತರ ಕೊಡಲಿಲ್ಲ. ಒತ್ತು ಎಂದರೆ ಒತ್ತಿದರು, ಬಿಡು ಎಂದರೆ ಬಿಟ್ಟರು. ಬರಬರುತ್ತ ಅಭ್ಯಾಸವಾಯಿತು. ದಾವಣಗೆರೆ ದಾಟಿದ ಮೇಲೆ ಕಾರು ನಿಜವಾಗಿ ಓಡಿತು. ಕರಿ ನೆಲ ಮುಗಿದು ಕೆಂಪು ನೆಲ ಬಂತು. ಧೂಳಿಗೆ ಮೂವರ ಮುಖವೂ ಒಂದೇ ಬಣ್ಣವಾಯಿತು.

ಸಂಜೆಯ ಬಿಸಿಲಿನಲ್ಲಿ ಜಗಳೂರು ಮುಟ್ಟಿದೆವು. ಬೀಗರ ಮನೆಯ ಬೀದಿಗೆ ತಿರುಗುತ್ತಲೇ ಜಗಲಿಯ ತುಂಬ ಗಂಡಸರು ಕೂತಿರುವುದು ಕಾಣಿಸಿತು. ನಮ್ಮನ್ನು ಕಂಡು ಅಳಿಯ ಎದ್ದು ನಿಂತ, ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡ.

ನಾವು ದಾವಣಗೆರೆಯಲ್ಲಿದ್ದ ಹೊತ್ತಿಗೇ ಹೋಗಿತ್ತಂತೆ ಜೀವ.

ಕಾರಿನ ಇಂಜಿನ್ನು ಇನ್ನೂ ಗುಡುಗುತ್ತಿತ್ತು. ಚಿಕ್ಕಪ್ಪ ಕೀಲಿ ತಿರುಗಿಸಿ ನಿಲ್ಲಿಸಿದರು. ಚಿಕ್ಕಮ್ಮ ತಗಡನ್ನು ಒತ್ತಿಕೊಂಡೇ ಕೂತಿದ್ದರು.

"ಬಿಡೇ," ಅಂದರು ಚಿಕ್ಕಪ್ಪ. ಆಕೆ ಬಿಡಲಿಲ್ಲ. "ಮುಟ್ಟಿದ್ವಿ ಕಣೇ. ಬಿಡು."

ನಾನು ಗೂಡಿನಿಂದ ಇಳಿದು ಬಂದು, ಎರಡು ಕೈಯಿಂದ ಚಿಕ್ಕಮ್ಮನ ಪಾದವನ್ನು ಹಿಡಿದು, ಮೆಲ್ಲಗೆ ತಗಡಿನಿಂದ ಎತ್ತಬೇಕಾಯಿತು. ಕಲ್ಲಿನ ಹಾಗೆ ಬಿಗಿದುಕೊಂಡಿತ್ತು ಕಾಲು.

ಗಿರಿಜೆಯ ಮಣ್ಣು ಮುಗಿಸಿ, ಶಿವಗಣಾರಾಧನೆ ಆಗುವ ತನಕ ನಾವು ಅಲ್ಲೇ ಉಳಿದೆವು. ಚಿಕ್ಕಪ್ಪ ಆ ದಿನಗಳಲ್ಲಿ ಒಂದೇ ಒಂದು ತಮಾಷೆಯ ಮಾತಾಡಲಿಲ್ಲ. ಜಗಲಿಯ ತುದಿಯಲ್ಲಿ ಕೂತಿರುತ್ತಿದ್ದರು. ಕಾರಿನ ಕಡೆ ಬೆನ್ನು ಮಾಡಿ. ಒಂದು ಮಧ್ಯಾಹ್ನ ಚಿಕ್ಕಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಹಸುವಿನ ಹಾಲಿಗೆ ಅರಳೆಯ ಬತ್ತಿ ಅದ್ದಿ ಚೀಪಿಸುತ್ತಿದ್ದಾಗ ಅವರು ಊರುಗೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತರು. ಅಷ್ಟು ದಿನಗಳಿಂದ ಎಲ್ಲರ ಗಂಟಲಲ್ಲೂ ಇದ್ದ ಮಾತನ್ನು ಅವರೇ ಶುರು ಮಾಡಿದರು.

"ಆವತ್ತೇ ಬಸ್ಸಿನಾಗೆ ಕರೆಸಿದ್ರೆ..."

ಚಿಕ್ಕಮ್ಮ ಮುಖ ಎತ್ತಲಿಲ್ಲ. "ಈ ಬತ್ತಿ ಒರಟಾತು. ಒಳಗೆ ಅರಳೆ ಐತೆ, ತಂದುಕೊಡ್ರಿ," ಅಂದರು.

ಚಿಕ್ಕಪ್ಪ ಒಳಗೆ ಹೋಗಿ ಅರಳೆ ತಂದುಕೊಟ್ಟರು. ಆ ಮಾತು ಅಲ್ಲಿಗೆ ಮುಗಿಯಿತು. ಆಕೆ ಬದುಕಿದ್ದಷ್ಟು ದಿನ, ಎಂಥ ಜಗಳದಲ್ಲೂ ಅದನ್ನು ಮತ್ತೆ ಎತ್ತಿದ್ದು ನಾನು ಕೇಳಿಲ್ಲ.

ಕೂಸನ್ನು ಅಜ್ಜಿಯೇ ಸಾಕಲಿ ಎಂದು ಬೀಗರು ಒಪ್ಪಿದರು. ಹೊರಡುವ ದಿನ ಚಿಕ್ಕಪ್ಪ, "ಕಾರು ಇಲ್ಲೇ ಇರಲಿ. ಗಾಡಿ ನೋಡೋ," ಅಂದರು ನನಗೆ. ಚಿಕ್ಕಮ್ಮ ಅಷ್ಟರಲ್ಲಿ ಕೂಸನ್ನು ಎತ್ತಿಕೊಂಡು ಹೋಗಿ ಎಡಗಡೆಯ ಸೀಟಿನಲ್ಲಿ ಕೂತಾಗಿತ್ತು.

"ಬಿಸಿಲು ಏರ್ತೈತೆ ಬರ್ರಿ."

ನಾನು ಹ್ಯಾಂಡಲ್ ತಿರುಗಿಸಿ ಹಿಂದಿನ ಗೂಡು ಸೇರಿದೆ. ಊರು ದಾಟುವ ತನಕ ಕೂಸು ಅತ್ತಿತು. ಅದರ ಅಳುವಿನ ಮೇಲೆ ಕೂಗಿ ಕೂಗಿ ಚಿಕ್ಕಪ್ಪ "ಒತ್ತು, ಬಿಡು" ಎನ್ನುತ್ತಿದ್ದರು, ಕಾರು ಎಗರುತ್ತಿತ್ತು, ಎಗರಿದಾಗಲೆಲ್ಲ ಕೂಸು ಇನ್ನಷ್ಟು ಕಿರುಚುತ್ತಿತ್ತು. ಬಯಲಿಗೆ ಬಿದ್ದ ಮೇಲೆ ಗಾಳಿಗೋ, ಇಂಜಿನ್ನಿನ ಸದ್ದಿಗೋ, ಸೆರಗಿನೊಳಗೆ ಅದು ಸುಮ್ಮನಾಯಿತು. ನಿದ್ದೆ ಬಂದಿತ್ತು.

ಮುಂದೆ ಏರು. ಗೇರು ಬದಲಿಸಲೇಬೇಕು. ಚಿಕ್ಕಪ್ಪ ಕೂಗಲು ಬಾಯಿ ತೆರೆದರು. ತೆರೆದವರು ಕೂಸಿನ ಮುಖ ನೋಡಿ ಮುಚ್ಚಿಕೊಂಡರು. ಎಡಗೈಯನ್ನು ಗೇರಿನಿಂದ ತೆಗೆದು, ಚಿಕ್ಕಮ್ಮನ ಮೊಣಕಾಲಿನ ಮೇಲಿಟ್ಟು, ಮೆಲ್ಲಗೆ ಒತ್ತಿದರು. ಆಕೆ ಒತ್ತಿದರು. ಗೇರು ಬಿತ್ತು. ಮತ್ತೆ ಆ ಕೈ ಮೊಣಕಾಲಿಗೆ ಬಂದು ಒಮ್ಮೆ ತಟ್ಟಿತು. ಆಕೆ ಬಿಟ್ಟರು. ಅಷ್ಟು ತಿಂಗಳಲ್ಲಿ ಮೊದಲ ಸಲ ಕಾರು ಒಂದಿಷ್ಟೂ ಎಗರದೆ ಏರು ಹತ್ತಿತು.

ನಮ್ಮ ಮನೆತನದಲ್ಲಿ ಗಂಡ ಹೆಂಡತಿ ಬೇರೆಯವರ ಎದುರಿಗೆ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಪೆಟ್ರೋಲಿನ ಖಾಲಿ ಡಬ್ಬಿಗಳ ನಡುವೆ ಹಿಂದಕ್ಕೆ ತಿರುಗಿ ಕೂತು, ನಾವು ಎಬ್ಬಿಸಿ ಬಂದ ಧೂಳನ್ನು ನೋಡತೊಡಗಿದೆ.

ದಾವಣಗೆರೆ ಬರುವ ತನಕ ಕೂಸಿಗೆ ಎಚ್ಚರವಾಗಲಿಲ್ಲ.